ಫ್ರೀಜರ್ ನಿಲ್ಲದೆ ಓಡುತ್ತಿದೆ, ಗ್ಯಾಸ್ ತುಂಬಿಸಬೇಕಾ?

ಪ್ರಶ್ನೆ: ನಮ್ಮದು ಕಲಬುರಗಿ. ಹೋದ ದೀಪಾವಳಿಗೆ 200 ಲೀಟರಿನ ಅಪ್‌ರೈಟ್ ಫ್ರೀಜರ್ ತಗೊಂಡೆವು. ಬೀರುವಿನ ಹಾಗೆ ಮುಂದೆ ಬಾಗಿಲು ತೆರೆಯುವಂಥದ್ದು. ಚಳಿಗಾಲದಲ್ಲಿ ಚೆನ್ನಾಗಿತ್ತು. ಏಪ್ರಿಲ್ ಬಂದಮೇಲೆ ಮೋಟಾರು ನಿಲ್ಲುವುದೇ ಇಲ್ಲ. ಎರಡೂ ಪಕ್ಕ ಕೈ ಇಡಲಾಗದಷ್ಟು ಬಿಸಿ. ಒಳಗೆ ಎಲ್ಲ ಖಾನೆಗಳಲ್ಲೂ ಹಿಮ ಕಟ್ಟುತ್ತದೆ, ಮೇಲಿನದರಲ್ಲಂತೂ ಬೆರಳು ದಪ್ಪ. ಸಾಮಾನು ಗಟ್ಟಿಯಾಗೇ ಇರುತ್ತದೆ, ಆದರೆ ಮಟನ್ ಮೇಲೆ ಬಿಳಿ ಕಲೆ ಬೀಳುತ್ತಿದೆ. ಕರೆಂಟ್ ಬಿಲ್ಲೂ ಏರಿದೆ. ಹಾಲ್‌ನಲ್ಲಿ ಕೂಲರಿನ ಎದುರಿಗೇ ಇಟ್ಟಿದ್ದೇವೆ, ಮೇಲೆ ಕವರ್ ಹಾಕಿದ್ದೇವೆ. ಮೆಕ್ಯಾನಿಕ್ ನೋಡಿ ಗ್ಯಾಸ್ ತುಂಬಿಸಬೇಕು ಅಂದರು. ತುಂಬಿಸಬೇಕಾ? ಇಲ್ಲ, ಇದನ್ನು ಕೊಟ್ಟು ಮೇಲೆ ಮುಚ್ಚಳ ತೆರೆಯುವ ಪೆಟ್ಟಿಗೆ ಫ್ರೀಜರ್ ತಗೊಳ್ಳೋದೇ ಒಳ್ಳೆಯದಾ? ಇನ್ನೊಂದು, ಹಸಿ ತೊಗರಿ ಕಾಳು ಇದರಲ್ಲಿ ಇಡಬಹುದಾ?

ಉತ್ತರ: ಅಕ್ಕಾವರೇ, ಈಗಲೇ ಗ್ಯಾಸ್ ತುಂಬಿಸಬೇಡಿ. ನೀವು ಬರೆದ ಲಕ್ಷಣಗಳೇ ಗ್ಯಾಸ್ ಸರಿಯಾಗಿದೆ ಎಂದು ಹೇಳುತ್ತಿವೆ.

ಫ್ರೀಜರಿನ ಗ್ಯಾಸ್ ಮುಚ್ಚಿದ ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಯಿತು ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿದಾಗ ಏನಾಗುತ್ತದೆ ಗೊತ್ತಾ? ಮೋಟಾರು ಓಡುತ್ತಲೇ ಇರುತ್ತದೆ, ಆದರೆ ಪಕ್ಕಗಳು ಬೆಚ್ಚಗೂ ಆಗುವುದಿಲ್ಲ. ಒಳಗೆ ಒಂದು ಮೂಲೆಯಲ್ಲಿ, ಗ್ಯಾಸ್ ಮೊದಲು ಒಳಗೆ ಬರುವ ಕಡೆ ಮಾತ್ರ ಹಿಮ ಕಟ್ಟುತ್ತದೆ. ಉಳಿದ ಖಾನೆಗಳು ಬೋಳಾಗಿರುತ್ತವೆ. ಸಾಮಾನು ಮೆತ್ತಗಾಗುತ್ತದೆ. ನಿಮ್ಮಲ್ಲಿ ಎಲ್ಲವೂ ಇದಕ್ಕೆ ತದ್ವಿರುದ್ಧ. ಪಕ್ಕ ಬಿಸಿ ಇದೆ, ಎಲ್ಲ ಖಾನೆಯಲ್ಲೂ ಹಿಮ ಇದೆ, ಮಟನ್ ಕಲ್ಲಿನಷ್ಟು ಗಟ್ಟಿ ಇದೆ. ಅಂದರೆ ಒಳಗಿನ ಬಿಸಿ ಹೊರಗೆ ಬರುತ್ತಿದೆ. ಬಂದ ಬಿಸಿಗೆ ಹೋಗಲು ದಾರಿ ಸಿಗುತ್ತಿಲ್ಲ, ಅಷ್ಟೆ.

ಫ್ರೀಜರ್ ಅರ್ಥವಾಗಬೇಕಾದರೆ ಇದೊಂದನ್ನು ತಿಳಿದರೆ ಸಾಕು. ಅದು ತಂಪನ್ನು ಹುಟ್ಟಿಸುವುದಿಲ್ಲ. ಪೆಟ್ಟಿಗೆಯ ಒಳಗಿನ ಬಿಸಿಯನ್ನು ಎತ್ತಿ ನಿಮ್ಮ ಕೋಣೆಗೆ ಹಾಕುತ್ತದೆ. ಹಳೇ ಫ್ರಿಜ್‌ಗಳಲ್ಲಿ ಆ ಬಿಸಿ ಬಿಡುವ ಕಪ್ಪು ಜಾಲರಿ ಹಿಂದೆ ಕಾಣುತ್ತಿತ್ತು. ಈಗಿನ ಬಹಳ ಅಪ್‌ರೈಟ್‌ಗಳಲ್ಲಿ ಅದೇ ಕೊಳವೆಯನ್ನು ಎರಡೂ ಪಕ್ಕದ ತಗಡಿನ ಒಳಗೆ ಅಡಗಿಸಿರುತ್ತಾರೆ. ಹಾಗಾಗಿ ಪಕ್ಕ ಬಿಸಿಯಾಗುವುದು ರೋಗ ಅಲ್ಲ, ಅದರ ಕೆಲಸವೇ ಅದು. ಬಾಗಿಲಿನ ಚೌಕಟ್ಟು ಬೆಚ್ಚಗಿದ್ದರೂ ಹೆದರಬೇಡಿ. ಅಲ್ಲಿ ನೀರು ಬೆವರಬಾರದು ಅಂತ ಒಂದು ಸುತ್ತು ಬಿಸಿ ಕೊಳವೆ ಹಾಯಿಸಿರುತ್ತಾರೆ.

ಈಗ ನಮ್ಮೂರಿನ ಬಿಸಿಲನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಫ್ರೀಜರಿನ ಒಳಗೆ ಮೈನಸ್ 18 ಡಿಗ್ರಿ ಇರಬೇಕು. ಡಿಸೆಂಬರಿನಲ್ಲಿ ನಿಮ್ಮ ಹಾಲ್ 20 ಡಿಗ್ರಿ ಇತ್ತು ಎಂದುಕೊಳ್ಳಿ, ಒಳಗೂ ಹೊರಗೂ ಅಂತರ 38 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಅದೇ ಹಾಲ್ 43ಕ್ಕೆ ಹೋದರೆ ಅಂತರ 61. ಗೋಡೆ ದಾಟಿ ಒಳಗೆ ನುಗ್ಗುವ ಬಿಸಿ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ. ಹೊರಗೂ ಬಿಸಿಯೇ ಇರುವಾಗ ಆ ಬಿಸಿಯನ್ನು ಬಿಡುವುದೂ ಕಷ್ಟ. ಎರಡೂ ಕಡೆಯಿಂದ ಮೋಟಾರಿಗೆ ಹೊರೆ. ಹೀಗಿರುವಾಗ ಬಿಸಿಲು ಇಳಿಯುವ ತನಕ ಅದು ಹೆಚ್ಚುಕಡಿಮೆ ಓಡುತ್ತಲೇ ಇರುವುದು ಸಹಜ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಎದ್ದಾಗ ಒಮ್ಮೆ ಕಿವಿಗೊಟ್ಟು ಕೇಳಿ. ಆಗ ನಡುನಡುವೆ ನಿಲ್ಲುತ್ತಿದ್ದರೆ ಯಂತ್ರ ಆರೋಗ್ಯವಾಗಿದೆ. ಆಗಲೂ ನಿಲ್ಲದಿದ್ದರೆ ಮುಂದೆ ಹೇಳುವುದನ್ನೆಲ್ಲ ಮಾಡಿ, ಮತ್ತೆ ನೋಡಿ.

ಯಂತ್ರದ ಮೇಲಿನ ಚೀಟಿಯಲ್ಲಿ ಹವಾಮಾನ ವರ್ಗ ಎಂದು ಒಂದು ಗುರುತು ಇರುತ್ತದೆ. ಎನ್ ಎಂದಿದ್ದರೆ ಕೋಣೆ 32 ಡಿಗ್ರಿ ತನಕ ಇರುವಾಗ ಕೆಲಸ ಮಾಡಲು ಕಟ್ಟಿದ್ದು. ಎಸ್‌ಟಿ ಎಂದರೆ 38 ತನಕ. ಟಿ ಎಂದರೆ 43 ತನಕ. ಕಲಬುರಗಿ, ಯಾದಗಿರಿ ಕಡೆಯವರು ಟಿ ಗುರುತಿನದನ್ನೇ ತಗೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬೀದರ್ ಎತ್ತರದಲ್ಲಿದೆ, ರಾತ್ರಿ ಸ್ವಲ್ಪ ತಂಪು, ಆದರೂ ಅಲ್ಲಿಗೂ ನಾನು ಟಿಯನ್ನೇ ಹೇಳುತ್ತೇನೆ. ಅಂಗಡಿಯಲ್ಲಿ ಎಷ್ಟು ಲೀಟರ್, ಎಷ್ಟು ರೂಪಾಯಿ ಎಂದು ಕೇಳುತ್ತೇವೆ. ಈ ಅಕ್ಷರ ಕೇಳುವವರು ತೀರಾ ಕಡಿಮೆ. ಟಿ ಇದ್ದರೂ ಪತ್ರಾ ಹೊದಿಸಿದ ಕೋಣೆಯಲ್ಲಿ, ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಒರಗಿಸಿ ಇಟ್ಟರೆ ಪ್ರಯೋಜನವಿಲ್ಲ. ಪತ್ರಾ ಕೆಳಗೆ ಮಧ್ಯಾಹ್ನದ ಕಾವು 43ನ್ನು ಸುಲಭವಾಗಿ ದಾಟುತ್ತದೆ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ಮೇಲಿನ ಕವರ್ ಇವತ್ತೇ ತೆಗೆಯಿರಿ. ಧೂಳು ಕೂರಬಾರದು ಅಂತ ಹಾಕಿದ್ದೀರಿ, ಆದರೆ ಅದು ಪಕ್ಕಕ್ಕೂ ಇಳಿಬಿದ್ದಿದ್ದರೆ ಬಿಸಿ ಬಿಡುವ ತಗಡಿಗೇ ಹೊದಿಕೆ ಹೊದಿಸಿದಂತಾಯಿತು. ಎರಡೂ ಪಕ್ಕ, ಹಿಂದೆ, ಮೇಲೆ ಒಂದೊಂದು ಅಂಗೈ ಅಗಲವಾದರೂ ಜಾಗ ಬಿಡಿ. ಹಿಂದೆ ಕೆಳಗಡೆ ಕಂಪ್ರೆಸರ್ ಕೂತಿರುವ ಗೂಡಿನಲ್ಲಿ ಬೇಸಿಗೆಯ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಪ್ಲಗ್ ತೆಗೆದು, ಒಣ ಬ್ರಷ್‌ನಿಂದ ಗುಡಿಸಿ. ನೀರು ಬೇಡ.

ಇನ್ನು ಕೂಲರ್. ನಿಮ್ಮ ಹಿಮದ ಮೂಲ ಅದೇ ಎಂದು ನನಗೆ ಅನಿಸುತ್ತದೆ. ನಮ್ಮ ಏಪ್ರಿಲ್–ಮೇ ಗಾಳಿ ಒಣ ಗಾಳಿ. ಅದರಿಂದ ಫ್ರೀಜರಿನಲ್ಲಿ ಇಷ್ಟು ಹಿಮ ಕಟ್ಟಬಾರದು. ಆದರೆ ಕೂಲರ್ ಕೆಲಸ ಮಾಡುವುದೇ ಗಾಳಿಗೆ ನೀರು ಬೆರೆಸಿ. ಆ ಒದ್ದೆ ಗಾಳಿ ನೇರವಾಗಿ ಫ್ರೀಜರಿನ ಬಾಗಿಲಿಗೆ ಬೀಸುತ್ತಿದೆ. ನೀವು ಬಾಗಿಲು ತೆರೆದಾಗ ಒಳಗಿನ ಭಾರದ ತಣ್ಣನೆ ಗಾಳಿ ಕೆಳಗಿನಿಂದ ಕಾಲ ಮೇಲೆ ಇಳಿಯುತ್ತದೆ. ಅದರ ಜಾಗಕ್ಕೆ ಮೇಲಿನಿಂದ ಕೋಣೆಯ ಒದ್ದೆ ಗಾಳಿ ನುಗ್ಗುತ್ತದೆ. ಮೇಲಿನ ಖಾನೆಯಲ್ಲೇ ಬೆರಳು ದಪ್ಪ ಹಿಮ ಯಾಕೆ ಎನ್ನುವುದಕ್ಕೆ ಉತ್ತರ ಇಲ್ಲಿದೆ. ಕೂಲರನ್ನು ತೆಗೆದುಬಿಡಿ ಎಂದು ಹೇಳುವುದಿಲ್ಲ. ಅದು ಕೋಣೆಯ ಕಾವು ಇಳಿಸುವುದರಿಂದ ಫ್ರೀಜರಿಗೂ ಒಳ್ಳೆಯದೇ. ಅದರ ಮುಖ ತಿರುಗಿಸಿ, ಎದುರಿನ ಕಿಟಕಿ ತೆರೆದಿಡಿ, ಒದ್ದೆ ಗಾಳಿ ಹೊರಗೆ ಹೋಗಲಿ. ಸಾಧ್ಯವಿದ್ದರೆ ಫ್ರೀಜರನ್ನು ಕೂಲರ್ ಇಲ್ಲದ, ಬಿಸಿಲೂ ಬೀಳದ ಒಳಕೋಣೆಗೆ ಸರಿಸಿ. ಅಡುಗೆಮನೆಗೆ ಮಾತ್ರ ಬೇಡ, ಅಲ್ಲಿ ಒಲೆಯ ಕಾವೂ ಇದೆ, ಹಬೆಯೂ ಇದೆ.

ಜೊತೆಗೆ ಬಾಗಿಲಿನ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಡಿದು ಬರಬೇಕು. ಸುಮ್ನೆ ಜಾರಿ ಬಂದರೆ ಆ ಜಾಗದಲ್ಲಿ ಗಾಳಿ ಒಳಗೆ ಹೋಗುತ್ತಿದೆ. ನಾಲ್ಕೂ ಬದಿಯಲ್ಲಿ ಹೀಗೆ ಪರೀಕ್ಷಿಸಿ. ಬಹಳ ಸಲ ರಬ್ಬರಿಗೆ ಅಂಟಿದ ಜಿಡ್ಡನ್ನು ಸೋಪಿನ ನೀರಿನಿಂದ ಒರೆಸಿ, ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗೆ ಮಾಡಿದರೆ ಸರಿಹೋಗುತ್ತದೆ. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಫರ್ಸಿ. ಒಂದು ಕಲ್ಲು ಮೇಲೆ, ಒಂದು ಕೆಳಗೆ ಇರುವುದು ಹೊಸದಲ್ಲ. ಫ್ರೀಜರ್ ಮುಂದಕ್ಕೆ ವಾಲಿದ್ದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಮುಂದಿನ ಎರಡು ಕಾಲುಗಳನ್ನು ತಿರುಗಿಸಿ ಸ್ವಲ್ಪ ಎತ್ತರಿಸಿ. ಅರ್ಧ ತೆರೆದು ಬಿಟ್ಟ ಬಾಗಿಲು ತಾನೇ ಮುಚ್ಚಿಕೊಳ್ಳಬೇಕು.

ಕಟ್ಟಿದ ಹಿಮವನ್ನು ಈಗ ಕರಗಿಸಲೇಬೇಕು. ನಿಮ್ಮದು ಡೈರೆಕ್ಟ್ ಕೂಲ್ ಯಂತ್ರ, ಖಾನೆಯ ಹಲಗೆಗಳೇ ತಂಪು ಕೊಡುವ ಕೊಳವೆಗಳು. ಹಿಮ ಅರ್ಧ ಸೆಂಟಿಮೀಟರ್ ದಾಟಿದರೆ ಅದೇ ಒಂದು ಕಂಬಳಿಯಾಗಿ ತಂಪನ್ನು ಸಾಮಾನಿಗೆ ತಲುಪಲು ಬಿಡುವುದಿಲ್ಲ. ಬೆಳಿಗ್ಗೆ ಬೇಗ, ಬಿಸಿಲೇರುವ ಮುಂಚೆ ಮಾಡಿ. ಸಾಮಾನನ್ನೆಲ್ಲ ಒಂದಕ್ಕೊಂದು ಒತ್ತಿ ಪೇಪರ್ ಸುತ್ತಿ, ಮೇಲೆ ದಪ್ಪ ಕೌದಿ ಮುಚ್ಚಿ ಇಡಿ. ಪ್ಲಗ್ ತೆಗೆದು, ಬಾಗಿಲು ತೆರೆದು, ಕೆಳಗಿನ ಖಾನೆಯಲ್ಲಿ ಬಿಸಿನೀರಿನ ಪಾತ್ರೆ ಇಡಿ, ನೆಲಕ್ಕೆ ಹಳೇ ಬಟ್ಟೆ ಹಾಸಿ. ಹಿಮ ತಾನೇ ಕಳಚಿ ಬೀಳುತ್ತದೆ. ಚಾಕು, ಸ್ಕ್ರೂಡ್ರೈವರ್, ಲಟ್ಟಣಿಗೆ ಏನನ್ನೂ ಮುಟ್ಟಬೇಡಿ. ಹಿಮದ ಕೆಳಗೇ ಗ್ಯಾಸಿನ ಕೊಳವೆ ಇದೆ. ಒಂದು ಸಣ್ಣ ತೂತು ಬಿದ್ದರೆ ಪೂರ್ತಿ ಗ್ಯಾಸ್ ಹೋಯಿತು, ಆಮೇಲೆ ಆ ಹಲಗೆಯನ್ನು ಸರಿಮಾಡುವುದು ತುಂಬಾ ಕಷ್ಟ. ಒಳ್ಳೆಯ ಫ್ರೀಜರುಗಳು ಹೀಗೆ ಒಂದು ಚಾಕುವಿನ ತುದಿಗೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಫ್ರಾಸ್ಟ್ ಫ್ರೀ ಆಗಿದ್ದರೆ ಈ ಕಷ್ಟ ಇರುತ್ತಿರಲಿಲ್ಲ ಅಂತ ನಿಮಗೆ ಅನಿಸಬಹುದು. ಅದರಲ್ಲಿ ಒಳಗೊಂದು ಹೀಟರ್ ಆಗಾಗ ಹಿಮ ಕರಗಿಸುತ್ತದೆ, ಫ್ಯಾನ್ ಗಾಳಿ ತಿರುಗಿಸುತ್ತದೆ. ಅನುಕೂಲ ನಿಜ. ಆದರೆ ಕರೆಂಟ್ ಸ್ವಲ್ಪ ಜಾಸ್ತಿ, ಮತ್ತು ಓಡಾಡುವ ಒಣ ಗಾಳಿಗೆ ಸರಿಯಾಗಿ ಕಟ್ಟದ ಮಾಂಸ ಇನ್ನೂ ಬೇಗ ಒಣಗುತ್ತದೆ.

ಆ ಬಿಳಿ ಕಲೆಯೂ ಹೀಗೇ ಒಣಗಿದ್ದು. ಮಟನ್ ಕೆಟ್ಟಿಲ್ಲ. ಮೈನಸ್ 18ರಲ್ಲೂ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ. ತುಂಡಿನ ಮೇಲ್ಮೈಯ ತೇವ ಹೀಗೆ ಹಾರಿ ಹೋಗಿ ತಣ್ಣನೆ ಕೊಳವೆಯ ಮೇಲೆ ಹಿಮವಾಗಿ ಕೂರುತ್ತದೆ. ಉಳಿದದ್ದು ಒಣಗಿದ ಬಿಳಿ ಭಾಗ. ತಿಂದರೆ ಏನೂ ಆಗುವುದಿಲ್ಲ, ಆದರೆ ನಾರುನಾರು, ರುಚಿ ಇಲ್ಲ. ಆ ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಸಾರಿಗೆ ಹಾಕಿ. ಅಂಗಡಿಯ ತೆಳು ಕ್ಯಾರಿಬ್ಯಾಗಿನಲ್ಲಿ ಗಂಟು ಹಾಕಿ ಇಟ್ಟರೆ ಇದು ಆಗೇ ಆಗುತ್ತದೆ. ದಪ್ಪ ಜಿಪ್ ಕವರಿನಲ್ಲಿ ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟೇ ಹಾಕಿ, ನೀರು ತುಂಬಿದ ಬಕೀಟಿನಲ್ಲಿ ಬಾಯಿಯ ತನಕ ಮುಳುಗಿಸಿ. ನೀರಿನ ಒತ್ತಡಕ್ಕೆ ಒಳಗಿನ ಗಾಳಿಯೆಲ್ಲ ಹೊರಗೆ ಬರುತ್ತದೆ. ಆಗ ಜಿಪ್ ಎಳೆಯಿರಿ. ಪೊಟ್ಟಣ ಚಪ್ಪಟೆ ಮಾಡಿ, ಮೇಲೆ ತಾರೀಕು ಬರೆಯಿರಿ. ಖೀಮಾ ಮೂರು ನಾಲ್ಕು ತಿಂಗಳಲ್ಲಿ ಮುಗಿಸಿ. ಕೋಳಿ ತುಂಡು ಒಂಬತ್ತು ತಿಂಗಳ ತನಕ ರುಚಿ ಉಳಿಸಿಕೊಳ್ಳುತ್ತದೆ.

ಬಕ್ರೀದ್ ಈಚಿನ ವರ್ಷಗಳಲ್ಲಿ ಮೇ–ಜೂನ್ ಹೊತ್ತಿಗೇ ಬರುತ್ತಿದೆ. ನಮ್ಮೂರಿನಲ್ಲಿ ಅಪ್‌ರೈಟ್ ಫ್ರೀಜರಿಗೆ ವರ್ಷದ ಅತಿ ದೊಡ್ಡ ಪರೀಕ್ಷೆ ಆ ದಿನವೇ. ಒಂದೇ ಮಧ್ಯಾಹ್ನ ಮನೆಗೆ ರಾಶಿ ಮಾಂಸ ಬರುತ್ತದೆ, ಎಲ್ಲವನ್ನೂ ಒಟ್ಟಿಗೆ ಒಳಗೆ ತುರುಕುತ್ತಾರೆ. ನೀರಿನ ಲೆಕ್ಕ ಹೇಳುತ್ತೇನೆ ಕೇಳಿ. ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಎಷ್ಟು ಬಿಸಿ ತೆಗೆಯಬೇಕೋ, ಅದೇ ಸೊನ್ನೆಯಲ್ಲಿ ಮಂಜುಗಡ್ಡೆ ಮಾಡಲು ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ ತೆಗೆಯಬೇಕು. ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ. ಅದಕ್ಕೇ ಹೊಸದಾಗಿ ಎಷ್ಟು ಇಡಬಹುದು ಎನ್ನುವುದಕ್ಕೆ ಮಿತಿ ಇದೆ. 100 ಲೀಟರ್ ಜಾಗಕ್ಕೆ ದಿನಕ್ಕೆ ನಾಲ್ಕೂವರೆ ಕಿಲೋ ಎಂದು ಹಿಡಿಯಿರಿ, ನಿಮ್ಮದಕ್ಕೆ ಒಂಬತ್ತು ಕಿಲೋ. ಮೀರಿದರೆ ನಡುವಿನ ಪೊಟ್ಟಣಗಳು ಗಂಟೆಗಟ್ಟಲೆ ಉಗುರುಬೆಚ್ಚಗೇ ಉಳಿಯುತ್ತವೆ, ಮೊದಲೇ ಇದ್ದ ಸಾಮಾನೂ ಮೆತ್ತಗಾಗುತ್ತದೆ. ಆಗ ತಾನೇ ಕೊಯ್ದ ಮಾಂಸವನ್ನು ನೇರ ಫ್ರೀಜರಿಗೆ ಹಾಕಿದರೆ ಅದು ಬಿಗಿದು ಗಡುಸಾಗುತ್ತದೆ, ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಮೊದಲು ಒಂದು ರಾತ್ರಿ ಫ್ರಿಜ್‌ನ ಕೆಳಖಾನೆಯಲ್ಲಿಟ್ಟು, ಮರುದಿನ ಸ್ವಲ್ಪ ಸ್ವಲ್ಪವಾಗಿ ಫ್ರೀಜರಿಗೆ ಸಾಗಿಸಿ. ಪೊಟ್ಟಣಗಳನ್ನು ಬೇರೆ ಬೇರೆ ಖಾನೆಯಲ್ಲಿ ಹಲಗೆಗೆ ತಾಗಿಸಿ ಇಡಿ.

ಬಿಲ್ಲಿನ ಮಾತು. ಇಂಥ ಯಂತ್ರ ಓಡುವಾಗ ಸುಮಾರು 120 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ನಿಲ್ಲದೆ ಓಡಿದರೆ ದಿನಕ್ಕೆ ಮೂರು ಯೂನಿಟ್‌ಗೆ ಹತ್ತಿರ, ತಿಂಗಳಿಗೆ 86 ಯೂನಿಟ್. ಅರ್ಧ ಹೊತ್ತು ಓಡಿದರೆ 43. ಬರೀ ಕವರ್ ತೆಗೆದು, ಜಾಗ ಬದಲಿಸಿ, ಹಿಮ ಕರಗಿಸಿದ್ದರಿಂದ ಉಳಿಯುವ ಯೂನಿಟ್‌ಗಳು ಕಡಿಮೆ ಏನಲ್ಲ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ನಿಮ್ಮ ಮನೆ ಇದ್ದರೆ ಇದು ಇನ್ನೂ ಮುಖ್ಯ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಜೆಸ್ಕಾಂಗೆ ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್, ಫ್ಯಾನು ಎಲ್ಲ ಸೇರಿ ಆ ಗೆರೆಯ ಹತ್ತಿರ ನಿಂತಿರುವ ಮನೆಯನ್ನು ಒಂದು ಫ್ರೀಜರ್ ಆಚೆ ತಳ್ಳಿಬಿಡುತ್ತದೆ. ಗುಂಡಿಯನ್ನು ಬೇಸಿಗೆ ಅಂತ ಕೊನೆಯ ಅಂಕಿಗೆ ತಿರುಗಿಸಿದ್ದರೆ ಹಿಂದಕ್ಕೆ ತನ್ನಿ. ಫ್ರೀಜರ್ ಥರ್ಮಾಮೀಟರ್ ಒಂದನ್ನು ತಂದು, ಎರಡು ಪೊಟ್ಟಣಗಳ ನಡುವೆ ಸಿಕ್ಕಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೈನಸ್ 18 ತೋರಿಸಿದರೆ ಅದಕ್ಕಿಂತ ತಂಪು ನಿಮಗೆ ಬೇಡ.

ಕರೆಂಟ್ ಹೋದಾಗ ಬಾಗಿಲು ತೆರೆದು ನೋಡುವ ಚಾಳಿ ಎಲ್ಲರಿಗೂ ಇದೆ. ದಯವಿಟ್ಟು ತೆರೆಯಬೇಡಿ. ತುಂಬಿದ ಫ್ರೀಜರ್ ಮುಚ್ಚಿಟ್ಟರೆ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ನಮ್ಮ ಮೇ ತಿಂಗಳಿಗೆ ಅದನ್ನು ನಂಬಬೇಡಿ, ಅರ್ಧಕ್ಕೆ ಇಳಿಸಿ ಹಿಡಿಯಿರಿ. ಖಾಲಿ ಜಾಗ ಇದ್ದರೆ ಮುಕ್ಕಾಲು ತುಂಬಿಸಿದ ನೀರಿನ ಬಾಟಲಿಗಳನ್ನು ಇಟ್ಟುಬಿಡಿ, ಮಂಜುಗಡ್ಡೆಯಾದ ಮೇಲೆ ಅವೇ ತಂಪು ಹಿಡಿದಿಡುತ್ತವೆ. ಊರಿಗೆ ಹೋಗುವಾಗ ಒಂದು ಬಟ್ಟಲು ಮಂಜುಗಡ್ಡೆಯ ಮೇಲೆ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯಿರಿ. ಆ ಮಾಂಸ ಬಿಸಾಡಿ. ಫ್ರೀಜರ್ ರೋಗಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಕರಗಿದಾಗ ಅವು ಎದ್ದಿರುತ್ತವೆ. ಒಳಗೆ ಇನ್ನೂ ಮಂಜಿನ ಹರಳು ಉಳಿದಿದ್ದರೆ ಮಾತ್ರ ಮತ್ತೆ ಇಡಬಹುದು. ಕರೆಂಟ್ ಬಂದ ತಕ್ಷಣ ಕಂಪ್ರೆಸರ್ ಶುರುವಾಗಬಾರದು, ಮೂರರಿಂದ ಐದು ನಿಮಿಷ ತಡೆಯಬೇಕು. ಅಷ್ಟು ಹೊತ್ತು ಬೇಕು ಕೊಳವೆಯೊಳಗಿನ ಒತ್ತಡ ಸಮವಾಗಲು. ಈ ತಡೆ ಇರುವ ಸ್ಟೆಬಿಲೈಸರ್ ಹಾಕಿಸಿ, ವೋಲ್ಟೇಜ್ ಏರಿಳಿಯುವ ಕಡೆ ಅದು ಬೇಕೇ ಬೇಕು.

ಪೆಟ್ಟಿಗೆ ಫ್ರೀಜರಿಗೆ ಬದಲಾಯಿಸಬೇಕಾ? ಬೇಡ. ಮೇಲೆ ತೆರೆಯುವುದರಿಂದ ಅದರಲ್ಲಿ ತಂಪು ಚೆಲ್ಲುವುದಿಲ್ಲ, ಕರೆಂಟೂ ಸ್ವಲ್ಪ ಕಡಿಮೆ, ಇದು ನಿಜ. ಆದರೆ ಚೆಲ್ಲುವ ಗಾಳಿಯನ್ನು ಅಷ್ಟು ದೊಡ್ಡದು ಮಾಡಬೇಕಿಲ್ಲ. 200 ಲೀಟರ್ ತಣ್ಣನೆ ಗಾಳಿಯ ತೂಕ 300 ಗ್ರಾಂ ಕೂಡ ಇಲ್ಲ. ತಂಪು ಇರುವುದು ಸಾಮಾನಿನಲ್ಲಿ, ಗಾಳಿಯಲ್ಲಲ್ಲ. ಕೆಡುಕು ಮಾಡುವುದು ಒಳಗೆ ಬರುವ ತೇವ, ಅದನ್ನು ನೀವು ಈಗ ತಡೆಯುತ್ತೀರಿ. ಪೆಟ್ಟಿಗೆಯಲ್ಲಿ ತಳದ ಸಾಮಾನು ಮರೆತೇ ಹೋಗುತ್ತದೆ, ಸೊಂಟ ಬಗ್ಗಿಸಿ ಎತ್ತಬೇಕು. ಮನೆ ಬಳಕೆಗೆ ನಿಮ್ಮದೇ ಒಳ್ಳೆಯದು.

ಇಷ್ಟೆಲ್ಲ ಮಾಡಿ ಒಂದು ವಾರ ಬಿಟ್ಟ ಮೇಲೂ ಬೆಳಿಗ್ಗೆ ಮೈನಸ್ 18 ಬರದಿದ್ದರೆ ಆಗ ಮೆಕ್ಯಾನಿಕ್‌ರನ್ನು ಕರೆಯಿರಿ. ವಾರಂಟಿ ಇನ್ನೂ ಇದ್ದರೆ ಕಂಪನಿಯವರನ್ನೇ ಕರೆಸಿ. ಗ್ಯಾಸ್ ತುಂಬುವ ಮುಂಚೆ ಸೋರಿದ ಜಾಗ ತೋರಿಸಿ ಎಂದು ಕೇಳಿ. ಈಗಿನ ಯಂತ್ರಗಳಲ್ಲಿ ಹೆಚ್ಚಾಗಿ ಆರ್-600ಎ ಇರುತ್ತದೆ, ಚೀಟಿಯಲ್ಲಿ ಬರೆದಿರುತ್ತಾರೆ. ಅದು ಬೆಂಕಿ ಹಿಡಿಯುವ ಗ್ಯಾಸ್. ಪ್ರಮಾಣವೂ ಬಹಳ ಸಣ್ಣದು, ಎಷ್ಟೋ ಸಲ 100 ಗ್ರಾಂ ಕೂಡ ಇರುವುದಿಲ್ಲ. ತಕ್ಕಡಿಯಿಟ್ಟು ತೂಗಿ ತುಂಬಬೇಕು, ಅಂದಾಜಿನಲ್ಲಿ ಅಲ್ಲ. ಬೇರೆ ಗ್ಯಾಸ್ ಬೆರೆಸಲೇಬಾರದು.

ಹಸಿ ತೊಗರಿ ಕಾಳು ಖಂಡಿತ ಇಡಬಹುದು. ತೊಗರಿ ನಾಡಿನಲ್ಲಿದ್ದು ಅದನ್ನು ಡಿಸೆಂಬರ್–ಜನವರಿಗೇ ಮುಗಿಸುವುದು ನ್ಯಾಯವಲ್ಲ! ಸುಲಿದ ಕಾಳನ್ನು ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಬಿಟ್ಟು ತಕ್ಷಣ ಮಂಜುಗಡ್ಡೆ ನೀರಿಗೆ ಹಾಕಿ. ಹೀಗೆ ಮಾಡದಿದ್ದರೆ ಕಾಳಿನೊಳಗಿನ ಕಿಣ್ವಗಳು ಫ್ರೀಜರಿನಲ್ಲೂ ಮೆಲ್ಲಗೆ ಕೆಲಸ ಮಾಡಿ, ಕೆಲವು ತಿಂಗಳಿಗೆ ಹುಲ್ಲಿನ ವಾಸನೆ ಬರುತ್ತದೆ. ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ, ತಟ್ಟೆಯಲ್ಲಿ ಒಂದೇ ಪದರ ಹರಡಿ ಗಟ್ಟಿಮಾಡಿ, ಆಮೇಲೆ ಕವರಿಗೆ ತುಂಬಿ. ಕಾಳು ಒಂದಕ್ಕೊಂದು ಅಂಟುವುದಿಲ್ಲ, ಬೇಕಾದಾಗ ಹಿಡಿಯಷ್ಟು ತೆಗೆದು ನೇರ ಒಗ್ಗರಣೆಗೆ ಹಾಕಬಹುದು. ವರ್ಷದ ತೊಗರಿ ಬೇಳೆಗೆ ಹುಳ ಬೀಳುತ್ತಿದ್ದರೆ ಅದಕ್ಕೂ ಇದೇ ಯಂತ್ರ ಸಾಕು. ಎರಡೆರಡು ಕಿಲೋ ಪೊಟ್ಟಣ ಕಟ್ಟಿ ಮೈನಸ್ 18ರಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆ ಸಮೇತ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಕೋಣೆಯ ಕಾವಿಗೆ ಬರುವ ತನಕ ಪೊಟ್ಟಣ ಬಿಚ್ಚಬೇಡಿ, ಇಲ್ಲದಿದ್ದರೆ ಬೇಳೆಗೆ ಬೆವರು ಕೂರುತ್ತದೆ.